ಫೋಟೋದ ಬಿಳಿ ಚುಕ್ಕೆಗೆ ಶಾಂತಿ ಮಾಡಿಸಬೇಕೆ?

ಹಳೆಯ ಡಿಜಿಟಲ್ ಕ್ಯಾಮೆರಾಗಳಿಗೆ ಮತ್ತೆ ಶುಕ್ರದೆಸೆ ಬಂದಿದೆ. 2004-05ರ ಸುಮಾರಿಗೆ ನಾವೆಲ್ಲ ಬೋನಸ್ ದುಡ್ಡಿನಲ್ಲಿ ಕೊಂಡು, ಮೊಬೈಲ್ ಬಂದ ಮೇಲೆ ಕಪಾಟಿನ ಮೇಲಿನ ಅರೆಗೆ ತಳ್ಳಿದ್ದ ಕೂಲ್‌ಪಿಕ್ಸ್, ಸೈಬರ್‌ಶಾಟ್, ಪವರ್‌ಶಾಟ್‌ಗಳನ್ನು ಈಗಿನ ಕಾಲೇಜು ಮಕ್ಕಳು ಹುಡುಕಿ ತೆಗೆಯುತ್ತಿದ್ದಾರೆ. ಮೊಬೈಲಿನ ಫೋಟೋ ತೀರಾ ನುಣುಪು, ಇದರದ್ದೇ ಬೇರೆ ಮಜಾ ಅಂತ ಅವರ ವಾದ. ಇರಲಿ, ಅವರವರ ಖುಷಿ. ಆದರೆ ಕ್ಯಾಮೆರಾದ ಜತೆಗೆ ಆ ಕಾಲದ ಒಂದು ಪ್ರಶ್ನೆಯೂ ಕಪಾಟಿನಿಂದ ಇಳಿದು ಬಂದಿದೆ. "ಫ್ಲ್ಯಾಶ್ ಹಾಕಿ ತೆಗೆದರೆ ಅಲ್ಲಲ್ಲಿ ಬಿಳೀ ಗುಂಡನೆಯ ಚುಕ್ಕೆ ಬರ್ತದಲ್ಲ, ಅದೇನು?"

ಮಲಾಡಿನ ನಮ್ಮ ಆಸುಪಾಸಿನಲ್ಲೇ ಇದಕ್ಕೆ ನಾನು ಮೂರು ಉತ್ತರ ಕೇಳಿದ್ದೇನೆ. ಒಂದು, ಕ್ಯಾಮೆರಾ ಕೆಟ್ಟಿದೆ. ಎರಡು, ಅದು ದೇವರ ಸಾನ್ನಿಧ್ಯ. ಮೂರು, ತೀರಿಹೋದವರು ಬಂದು ನಿಂತಿದ್ದಾರೆ. ಮೊದಲನೆಯದನ್ನು ನಂಬಿದವರು ರಿಪೇರಿ ಅಂಗಡಿಗೆ ಹೋಗುತ್ತಾರೆ, ಎರಡನೆಯದನ್ನು ನಂಬಿದವರು ಫೋಟೋಗೆ ಚೌಕಟ್ಟು ಹಾಕಿಸುತ್ತಾರೆ, ಮೂರನೆಯದನ್ನು ನಂಬಿದವರು ಶಾಂತಿ ಮಾಡಿಸುತ್ತಾರೆ. ಮೂರಕ್ಕೂ ಖರ್ಚು ಇದ್ದೇ ಇದೆ. ಕೊನೆಯದರಲ್ಲಿ ಖರ್ಚಿನ ಜತೆ ಭಯವೂ ಸೇರುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಸಲ ಅದು ಧೂಳು, ಇಲ್ಲವೇ ನೀರಿನ ಹನಿ. ಇದು ಗೊತ್ತು ಮಾಡಿಕೊಳ್ಳಲು ಎರಡೇ ನಿಮಿಷ ಸಾಕು, ಒಂದು ಪೈಸೆಯೂ ಬೇಡ. ಆ ಎರಡು ನಿಮಿಷ ಕೊಡದೆ ಯಾರಿಗೂ ದುಡ್ಡು ಕೊಡಬೇಡಿ, ಯಾರ ಮಾತಿಗೂ ಹೆದರಬೇಡಿ. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುವವನು, ವಿಜ್ಞಾನಿ ಅಲ್ಲ. ಆದರೆ ಇಲ್ಲಿ ಬೇಕಾಗಿರುವುದೂ ಲೆಕ್ಕವೇ.

ಬೆಳಿಗ್ಗೆ ಕಿಟಕಿಯ ಸಂದಿಯಿಂದ ಬಿಸಿಲುಕೋಲು ಒಳಗೆ ಬಿದ್ದಾಗ ಅದರಲ್ಲಿ ಸಾವಿರಾರು ಕಣ ತೇಲುವುದನ್ನು ನೋಡಿರುತ್ತೀರಿ. ಬಿಸಿಲು ಸರಿದ ಮೇಲೆ ಕಣ ಎಲ್ಲಿಗೂ ಹೋಗುವುದಿಲ್ಲ, ನಮಗೆ ಕಾಣುವುದಿಲ್ಲ ಅಷ್ಟೆ. ಫ್ಲ್ಯಾಶ್ ಅನ್ನುವುದು ಕ್ಷಣಕಾಲದ ಬಿಸಿಲುಕೋಲು. ಬೆಳಕಿಗೆ ಒಂದು ನಿಯಮವಿದೆ. ದೂರ ಎರಡು ಪಟ್ಟಾದರೆ ಬೆಳಕು ಅರ್ಧ ಆಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಮೂರು ಪಟ್ಟಾದರೆ ಒಂಬತ್ತರಲ್ಲಿ ಒಂದು ಭಾಗ. ಈಗ ನಿಮ್ಮ ತಂಗಿ ಕ್ಯಾಮೆರಾದಿಂದ 3 ಮೀಟರ್ ದೂರ ನಿಂತಿದ್ದಾಳೆ, ಒಂದು ಧೂಳಿನ ಕಣ 10 ಸೆಂಟಿಮೀಟರ್ ಮುಂದೆ ತೇಲುತ್ತಿದೆ ಅಂತ ಇಟ್ಟುಕೊಳ್ಳಿ. ಕಣ 30 ಪಟ್ಟು ಹತ್ತಿರ. 30ನ್ನು 30ರಿಂದ ಗುಣಿಸಿದರೆ 900. ಅಂದರೆ ತಂಗಿಯ ಮುಖಕ್ಕೆ ಬೀಳುವುದಕ್ಕಿಂತ ಸುಮಾರು 900 ಪಟ್ಟು ಹೆಚ್ಚು ಪ್ರಖರವಾದ ಬೆಳಕು ಆ ಯಃಕಶ್ಚಿತ್ ಕಣದ ಮೇಲೆ ಬೀಳುತ್ತದೆ! ಅದು ಹೊಳೆಯದೆ ಏನು ಮಾಡೀತು?

ಹಾಗಾದರೆ ಸಾಸಿವೆಗಿಂತ ಚಿಕ್ಕದಾದ ಕಣ ಫೋಟೋದಲ್ಲಿ ನಾಲ್ಕಾಣೆಯಷ್ಟು ದೊಡ್ಡದಾಗಿ, ಗುಂಡಗೆ ಯಾಕೆ ಕಾಣಬೇಕು? ಕ್ಯಾಮೆರಾ ಫೋಕಸ್ ಮಾಡಿದ್ದು ತಂಗಿಯ ಮುಖದ ಮೇಲೆ. ಮೂಗಿನ ತುದಿಯಲ್ಲಿರುವ ವಸ್ತು ನಮಗೆ ಮಸುಕಾಗಿ ಹರಡಿದಂತೆ ಕಾಣುತ್ತದಲ್ಲ, ಕ್ಯಾಮೆರಾಕ್ಕೂ ಹಾಗೆಯೇ. ಬೆಳಕಿನ ಒಂದು ಬಿಂದು ಫೋಕಸ್ ತಪ್ಪಿದಾಗ ಹರಡಿಕೊಂಡು ವೃತ್ತವಾಗುತ್ತದೆ. ಬೆಳಕು ಒಳಗೆ ಬರುವ ಲೆನ್ಸಿನ ಕಂಡಿ ಗುಂಡಗಿದ್ದರೆ ಚುಕ್ಕೆಯೂ ಗುಂಡಗೆ, ಕಂಡಿಗೆ ಮೂಲೆಗಳಿದ್ದರೆ ಚುಕ್ಕೆಗೂ ಮೂಲೆಗಳು. ವೃತ್ತದೊಳಗೆ ಬಳೆಯಂಥ ಗೆರೆಗಳೂ ಕಲೆಗಳೂ ಕಾಣಬಹುದು. ಕಣ್ಣು, ಮೂಗು, ಬಾಯಿ ಎಲ್ಲ ಅದರಲ್ಲೇ ಹುಡುಕುತ್ತಾರೆ ನಮ್ಮವರು. ಮೋಡದಲ್ಲಿ ಆನೆ ಕಂಡ ಹಾಗೆ.

"ನಮ್ಮ ರೋಲ್ ಕ್ಯಾಮೆರಾದಲ್ಲಿ ಇಷ್ಟೊಂದು ಬರ್ತಿರಲಿಲ್ಲವಲ್ಲ" ಅಂತ ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ರೋಲಿನ ಒಂದು ಚಿತ್ರದ ಅಗಲ 36 ಮಿಲಿಮೀಟರ್. ಜೇಬಿನ ಡಿಜಿಟಲ್ ಕ್ಯಾಮೆರಾದ ಒಳಗಿರುವ ಸೆನ್ಸರಿನ ಅಗಲ ಸುಮಾರು 6 ಮಿಲಿಮೀಟರ್. ಸೆನ್ಸರ್ ಚಿಕ್ಕದಾದ ಹಾಗೆ ಲೆನ್ಸೂ ಚಿಕ್ಕದು, ಹತ್ತಿರದ ವಸ್ತುವೂ ತಕ್ಕಮಟ್ಟಿಗೆ ಫೋಕಸ್ಸಿನಲ್ಲಿರುತ್ತದೆ. ರೋಲಿನಲ್ಲಿ ಪೂರ್ತಿ ಹರಡಿ ಮಾಯವಾಗುತ್ತಿದ್ದ ಕಣ ಇಲ್ಲಿ ಅಚ್ಚೊತ್ತಿದ ವೃತ್ತವಾಗಿ ಉಳಿಯುತ್ತದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಕ್ಯಾಮೆರಾ ಜೇಬಿಗೆ ಹಿಡಿಸಬೇಕೆಂದು ಫ್ಲ್ಯಾಶನ್ನು ತಂದು ಲೆನ್ಸಿನ ಪಕ್ಕದಲ್ಲೇ ಕೂರಿಸಿದ್ದಾರೆ. ಬೆಳಕು ಹೋದ ದಾರಿಯಲ್ಲೇ ವಾಪಸ್ ಬಂದು ಲೆನ್ಸಿಗೆ ಹೊಡೆಯುತ್ತದೆ.

ಇದನ್ನು ನಾವೆಲ್ಲ ಬೇರೆ ಕಡೆ ಅನುಭವಿಸಿದ್ದೇವೆ. ಆಗುಂಬೆ ಘಾಟಿಯಲ್ಲೋ, ಮಳೆಗಾಲದಲ್ಲಿ ನಮ್ಮ ಖಂಡಾಲಾದಲ್ಲೋ ಮಂಜು ಮುಸುಕಿದಾಗ ಹೆಡ್‌ಲೈಟಿನ ಹೈಬೀಮ್ ಹಾಕಿ ನೋಡಿ, ರಸ್ತೆ ಕಾಣುವ ಬದಲು ಬಿಳಿಯ ಗೋಡೆ ಎದುರಾಗುತ್ತದೆ. ಮಂಜಿನ ಹನಿಗಳು ಬೆಳಕನ್ನು ನಮ್ಮ ಕಣ್ಣಿಗೇ ಹಿಂದಿರುಗಿಸುತ್ತವೆ. ಅದಕ್ಕೇ ಫಾಗ್ ಲ್ಯಾಂಪನ್ನು ಕಣ್ಣಿನ ಮಟ್ಟದಿಂದ ದೂರ, ಕೆಳಗೆ ಬಂಪರಿನ ಹತ್ತಿರ ಕೂರಿಸುವುದು. ಸಮುದ್ರದೊಳಗೆ ಮುಳುಗಿ ಫೋಟೋ ತೆಗೆಯುವವರಿಗೂ ಇದೇ ಕಾಟ. ಅವರು ಫ್ಲ್ಯಾಶನ್ನು ಉದ್ದದ ತೋಳಿಗೆ ಸಿಕ್ಕಿಸಿ ಕ್ಯಾಮೆರಾದಿಂದ ಆಚೆ ಹಿಡಿಯುತ್ತಾರೆ. ಇದಕ್ಕೆ ಬ್ಯಾಕ್‌ಸ್ಕ್ಯಾಟರ್ ಅಂತ ಹೆಸರು. ಭೂತಪ್ರೇತದ ಆಸಕ್ತಿ ಇರುವವರು ಇದನ್ನೇ ಆರ್ಬ್ ಅಂತ ಕರೆದು ಪುಸ್ತಕಗಳನ್ನೇ ಬರೆದಿದ್ದಾರೆ.

ತಮಾಷೆ ಏನು ಗೊತ್ತೆ? ಉತ್ತರ ಕ್ಯಾಮೆರಾದ ಡಬ್ಬಿಯೊಳಗೇ ಇತ್ತು. ಸೋನಿ, ಕ್ಯಾನನ್ ಕಂಪನಿಗಳು ಈ ಜೇಬಿನ ಕ್ಯಾಮೆರಾಗಳ ಜತೆ ಕೊಟ್ಟ ಕೈಪಿಡಿಯ ಕೊನೆಯಲ್ಲಿ 'ತೊಂದರೆ ಮತ್ತು ಪರಿಹಾರ' ಅನ್ನುವ ಪುಟಗಳಿರುತ್ತಿದ್ದವು. ಫ್ಲ್ಯಾಶ್ ಚಿತ್ರದಲ್ಲಿ ಬಿಳಿ ಚುಕ್ಕೆ ಬಂದರೆ ಅದು ಗಾಳಿಯ ಧೂಳಿಗೆ ಬೆಳಕು ತಾಗಿ ಬಂದದ್ದು ಅಂತ ಅಲ್ಲಿ ಸ್ಪಷ್ಟವಾಗಿಯೇ ಅಚ್ಚಾಗಿತ್ತು. ಫ್ಯೂಜಿಫಿಲ್ಮ್ ಕಂಪನಿಯೂ ಗ್ರಾಹಕರಿಗೆ ಇದೇ ವಿವರಣೆ ಕೊಟ್ಟಿತ್ತು. ಆದರೆ ಕೈಪಿಡಿ ಓದುವವರು ಯಾರು? ಸಾಲದ ಪತ್ರದ ಸಣ್ಣಕ್ಷರಗಳನ್ನು ಓದದೆ ಸಹಿ ಹಾಕುವ ಗಿರಾಕಿಗಳನ್ನು ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ. ಆಶ್ಚರ್ಯವೇನೂ ಆಗುವುದಿಲ್ಲ!

ಈಗ ಎರಡು ನಿಮಿಷದ ಪರೀಕ್ಷೆಗೆ ಬರೋಣ. ರಾತ್ರಿ ದೀಪ ಆರಿಸಿ, ಒಂದು ಹಳೆಯ ಹೊದಿಕೆಯನ್ನೋ ಕಾಲೊರಸನ್ನೋ ಕ್ಯಾಮೆರಾದ ಮುಂದೆ ಕೊಡವಿ, ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೆಯಿರಿ. ನಕ್ಷತ್ರಲೋಕವೇ ಕಾಣುತ್ತದೆ. ಅಲ್ಲೇ ನಿಂತು ತಕ್ಷಣ ಇನ್ನೊಂದು ತೆಗೆಯಿರಿ. ಚುಕ್ಕೆಗಳೆಲ್ಲ ಜಾಗ ಬದಲಿಸಿರುತ್ತವೆ. ಈಗ ದೀಪ ಹಾಕಿ, ಫ್ಲ್ಯಾಶ್ ಆಫ್ ಮಾಡಿ ಮೂರನೆಯದು ತೆಗೆಯಿರಿ. ಒಂದು ಚುಕ್ಕೆಯೂ ಇರುವುದಿಲ್ಲ. ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದಲೂ ಇದನ್ನು ಮಾಡಬಹುದು. ಮನೆಯ ಮಕ್ಕಳನ್ನು ಕೂರಿಸಿಕೊಂಡು ಮಾಡಿ, ಅವರಿಗೆ ಇದು ಚೆನ್ನಾಗಿ ಹಿಡಿಸುತ್ತದೆ.

ಈ ಪರೀಕ್ಷೆಯ ಸಾರ ಇಷ್ಟೆ: ಚುಕ್ಕೆ ಜಾಗ ಬದಲಿಸಿದರೆ ಅದು ಗಾಳಿಯಲ್ಲಿದೆ, ಎಲ್ಲ ಫೋಟೋದಲ್ಲೂ ಒಂದೇ ಜಾಗದಲ್ಲಿದ್ದರೆ ಕ್ಯಾಮೆರಾದಲ್ಲಿದೆ. ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಮೂಲ ಹುಡುಕುತ್ತೇವೆ. ಕ್ಯಾಶಿಯರ್ ಕದ್ದ ಅಂತಲೂ ಹೇಳುವುದಿಲ್ಲ, ಲಕ್ಷ್ಮಿ ಒಲಿದಳು ಅಂತಲೂ ಹೇಳುವುದಿಲ್ಲ. ಫೋಟೋದ ಚುಕ್ಕೆಗೂ ಅಷ್ಟು ಮರ್ಯಾದೆ ಕೊಡಿ.

ಹುಡುಕುವಾಗ ಬೇರೆ ಬಗೆಯ ಚುಕ್ಕೆಗಳೂ ಸಿಗುತ್ತವೆ. ಲೆನ್ಸ್ ಬದಲಿಸುವ ದೊಡ್ಡ ಕ್ಯಾಮೆರಾದಲ್ಲಿ, ಆಕಾಶದ ಚಿತ್ರದಲ್ಲಿ ಒಂದೇ ಜಾಗದಲ್ಲಿ ಬೂದು ಕಲೆ ಕಂಡರೆ ಅದು ಸೆನ್ಸರಿನ ಮೇಲೆ ಕೂತ ಧೂಳು. ಎಫ್16ರಂಥ ಸಣ್ಣ ಕಂಡಿಯಲ್ಲಿ ಇದು ಎದ್ದು ಕಾಣುತ್ತದೆ, ಇದನ್ನು ಮಾತ್ರ ಕ್ಲೀನ್ ಮಾಡಿಸಬೇಕು. ಕತ್ತಲಲ್ಲಿ ಹೆಚ್ಚು ಹೊತ್ತು ಬೆಳಕು ಕೂಡಿಸಿ ತೆಗೆದ ಚಿತ್ರದಲ್ಲಿ ಸೂಜಿಮೊನೆಯಷ್ಟು ಕೆಂಪು, ನೀಲಿ, ಬಿಳಿ ಬಿಂದು ಒಂದೇ ಕಡೆ ಬಂದರೆ ಅದು ಹಾಟ್ ಪಿಕ್ಸೆಲ್. ದೀಪವೊಂದು ಚಿತ್ರದೊಳಗೋ ಅಂಚಿನಲ್ಲೋ ಇದ್ದು, ಅದರಿಂದ ಬಣ್ಣಬಣ್ಣದ ವೃತ್ತಗಳು ಒಂದೇ ಸಾಲಿನಲ್ಲಿ ಹೊರಟಿದ್ದರೆ ಅದು ಫ್ಲೇರ್. ಫ್ಲ್ಯಾಶ್ ಹಾಕದಿದ್ದರೂ ಬರುತ್ತದೆ, ಕೈಯನ್ನು ಲೆನ್ಸಿಗೆ ನೆರಳು ಮಾಡಿದರೆ ಹೋಗುತ್ತದೆ. ದೇವರ ಪಟದ ಗಾಜಿನಲ್ಲಿ, ಸ್ಟೀಲ್ ಪಾತ್ರೆಯಲ್ಲಿ ದೊಡ್ಡ ಬಿಳಿ ಮಚ್ಚೆ ಬಂದರೆ ಅದು ಫ್ಲ್ಯಾಶಿನದೇ ಪ್ರತಿಬಿಂಬ, ಸ್ವಲ್ಪ ಓರೆಯಾಗಿ ನಿಂತು ತೆಗೆಯಿರಿ. ಮಕ್ಕಳ ಕಣ್ಣು ಕೆಂಪಾಗುವುದು ಕಣ್ಣಿನ ಹಿಂಭಾಗದ ರಕ್ತನಾಳಗಳಿಗೆ ಬೆಳಕು ತಾಗಿ ಬರುವುದರಿಂದ. ಅದರ ಕಾರಣವೂ ಲೆನ್ಸಿಗೆ ಅಂಟಿಕೊಂಡ ಫ್ಲ್ಯಾಶೇ.

ಒಬ್ಬ ಸಹೋದ್ಯೋಗಿ ಇಂಥ ಗಾಳಿಯ ಧೂಳಿನ ಚುಕ್ಕೆಗೆ ಒಂದು ಅಂಗಡಿಯಲ್ಲಿ ಎರಡೂವರೆ ಸಾವಿರ ರೂಪಾಯಿ ಕೊಟ್ಟು 'ಸರ್ವಿಸಿಂಗ್' ಮಾಡಿಸಿದರು. ಮುಂದಿನ ಗಣೇಶ ಚೌತಿಗೆ ಚುಕ್ಕೆ ಮತ್ತೆ ಹಾಜರ್. ಗಾಳಿಯನ್ನು ಯಾವ ಅಂಗಡಿಯವನು ಸರ್ವಿಸ್ ಮಾಡಿಯಾನು ಹೇಳಿ!

ಮುಂಬಯಿಯಲ್ಲಿ, ಅದರಲ್ಲೂ ನಮ್ಮ ಮಲಾಡಿನಲ್ಲಿ, ಈ ಚುಕ್ಕೆಗಳಿಗೆ ವರ್ಷಪೂರ್ತಿ ಸೀಸನ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರಿದು. ಮಳೆ ನಿಂತ ಮೇಲೆ ಧೂಳು. ಬೀದಿಗೊಂದು ರೀಡೆವಲಪ್‌ಮೆಂಟ್, ಕಟ್ಟಡ ಒಡೆಯುವುದು, ಕಟ್ಟುವುದು. ಮಾರ್ವೆ, ಅಕ್ಸಾ ಕಡೆ ಹೋದರೆ ಉಪ್ಪುಗಾಳಿಯ ತುಂತುರು. ಏಸಿ ಕೋಣೆಯಿಂದ ಕ್ಯಾಮೆರಾವನ್ನು ಹೊರಗಿನ ಸೆಖೆಗೆ ತಂದರೆ ಲೆನ್ಸಿನ ಮೇಲೆ ಆವಿ ಕೂತು ಚಿತ್ರವೆಲ್ಲ ಮಂಜುಮಂಜು. ಅದಕ್ಕೆ ಹತ್ತು ಹದಿನೈದು ನಿಮಿಷ ಕಾಯುವುದೇ ಮದ್ದು.

ನಮ್ಮ ಸಮಾರಂಭಗಳಂತೂ ಧೂಳಿನ ಜಾತ್ರೆ. ಮುಹೂರ್ತಕ್ಕೆ ಮಂತ್ರಾಕ್ಷತೆ ಎರಚಿದಾಗ ಅಕ್ಕಿಯ ಹುಡಿ, ಅರಿಸಿನ ಎರಡೂ ಗಾಳಿಗೆ ಏಳುತ್ತವೆ. ಸರಿಯಾಗಿ ಆ ಕ್ಷಣಕ್ಕೇ ಎಲ್ಲರ ಫ್ಲ್ಯಾಶ್ ಮಿಂಚುತ್ತದೆ. ಆರತಿಯ ಹೊತ್ತಿಗೆ ಕರ್ಪೂರ, ಧೂಪದ ಹೊಗೆ. ನಮ್ಮ ಕನ್ನಡ ಸಂಘಗಳ ಸನ್ಮಾನದ ಫೋಟೋಗಳನ್ನೇ ತೆಗೆದು ನೋಡಿ. ಹೊಸ ಶಾಲನ್ನು ಕೊಡವಿ ಹೊದಿಸಿದ ಕೂಡಲೇ ನೂಲಿನ ಎಳೆಗಳು ಹಾರಿ, ಸನ್ಮಾನಿತರ ತಲೆಯ ಸುತ್ತ ನಾಲ್ಕಾರು ಬಿಳಿ ವೃತ್ತ. "ಸರ್, ನಿಮ್ಮ ತೇಜಸ್ಸು ನೋಡಿ" ಅನ್ನುವ ಭಟ್ಟಂಗಿಗಳಿಗೆ ಅಷ್ಟು ಸಾಕು! ಯಕ್ಷಗಾನಕ್ಕೆ ಹೋದವರು ಹತ್ತನೆಯ ಸಾಲಿನಿಂದ ಫ್ಲ್ಯಾಶ್ ಹಾಕುತ್ತಾರೆ. ಜೇಬಿನ ಕ್ಯಾಮೆರಾದ ಫ್ಲ್ಯಾಶ್ ನಾಲ್ಕೈದು ಮೀಟರಿನಾಚೆಗೆ ತಲುಪುವುದೇ ಕಷ್ಟ. ಬೆಳಗುವುದು ಮುಂದಿನವರ ತಲೆ ಮತ್ತು ನಡುವಿನ ಧೂಳು ಮಾತ್ರ. ರಂಗದ ಮೇಲೆ ಬೇಕಾದಷ್ಟು ಬೆಳಕು ಇರುತ್ತದೆ, ಫ್ಲ್ಯಾಶ್ ಆಫ್ ಮಾಡಿದರೆ ನಿಮಗೂ ಒಳ್ಳೆಯದು, ವೇಷಧಾರಿಯ ಕಣ್ಣಿಗೂ ಒಳ್ಳೆಯದು.

ಹೊಸದಾಗಿ ಕಲಿಯುವವರಿಗೆ ನನ್ನ ಸಲಹೆ ಇಷ್ಟೆ. ಸಾಧ್ಯವಾದಲ್ಲೆಲ್ಲ ಫ್ಲ್ಯಾಶ್ ಬಿಡಿ. ಟ್ಯೂಬ್‌ಲೈಟ್ ಹಾಕಿ, ಕಿಟಕಿಯ ಹತ್ತಿರ ಬನ್ನಿ, ಐಎಸ್ಒ 400, 800ಕ್ಕೆ ಏರಿಸಿ, ಕೈ ಅಲುಗದಂತೆ ಗೋಡೆಗೆ ಒರಗಿ. ಫ್ಲ್ಯಾಶ್ ಬೇಕೇ ಬೇಕೆಂದರೆ ಎರಡು ಹೆಜ್ಜೆ ಮುಂದೆ ಹೋಗಿ. ಹತ್ತಿರದವರಿಗೆ ಕಡಿಮೆ ಬೆಳಕು ಸಾಕಾಗುವುದರಿಂದ ಆಟೋ ಫ್ಲ್ಯಾಶ್ ತಾನೇ ತಗ್ಗುತ್ತದೆ, ಧೂಳಿನ ಹೊಳಪೂ ತಗ್ಗುತ್ತದೆ. ಅಕ್ಷತೆ, ಶಾಲು, ಹೊಗೆ ಇದ್ದಲ್ಲಿ ಒಂದಲ್ಲ, ನಾಲ್ಕು ಫೋಟೋ ತೆಗೆಯಿರಿ. ಒಂದರಲ್ಲಾದರೂ ಚುಕ್ಕೆ ಮುಖ ಬಿಟ್ಟು ಪಕ್ಕಕ್ಕೆ ಸರಿದಿರುತ್ತದೆ. ಮೇಲೆ ಸಿಕ್ಕಿಸುವ ಫ್ಲ್ಯಾಶ್ ಇದ್ದರೆ ಅದರ ಮುಖವನ್ನು ಬಿಳಿ ಚಾವಣಿಗೆ ತಿರುಗಿಸಿ. ಮೊಬೈಲಿನಲ್ಲಿ ಚುಕ್ಕೆ ಅಳಿಸುವ ಸೌಲಭ್ಯ ಬಂದಿದೆ, ನಿಜ. ಆದರೆ ಚುಕ್ಕೆ ಅಜ್ಜಿಯ ಕಣ್ಣಿನ ಮೇಲೆ ಬಂದರೆ ಅಳಿಸಿದ ಮೇಲೆ ಉಳಿಯುವ ಕಣ್ಣು ಅಜ್ಜಿಯದಲ್ಲ.

ಇನ್ನು ಆ ಮೂರನೆಯ ಉತ್ತರದ ವಿಷಯ. ಇದಕ್ಕಾಗಿಯೇ ಇಷ್ಟೆಲ್ಲ ಬರೆದದ್ದು.

ನಮ್ಮ ಸೊಸೈಟಿಯಲ್ಲಿ ಉಡುಪಿ ಕಡೆಯ ಒಂದು ಕುಟುಂಬವಿದೆ. ಅಲ್ಲಿನ ಹಿರಿಯ ತಾಯಿ ತೀರಿಕೊಂಡು, ಹದಿಮೂರನೆಯ ದಿನದ ಕಾರ್ಯದಲ್ಲಿ ಮೊಮ್ಮಗ ಹಳೆಯ ಕ್ಯಾಮೆರಾದಲ್ಲಿ ಕೆಲವು ಫೋಟೋ ತೆಗೆದ. ಒಂದರಲ್ಲಿ, ಆಕೆ ದಿನಾ ಕೂರುತ್ತಿದ್ದ ಕುರ್ಚಿಯ ಮೇಲೆ ಒಂದು ದೊಡ್ಡ ಬಿಳಿ ವೃತ್ತ. ಮೊದಲು ಎಲ್ಲರಿಗೂ ಸಂತೋಷವೇ ಆಯಿತು. "ಅಮ್ಮ ಬಂದಿದ್ರು ನೋಡಿ ಅಂಕಲ್" ಅಂತ ಮಗಳು ನನಗೂ ತೋರಿಸಿದಳು. ಆಗ ನಾನು ಏನೂ ಹೇಳಲಿಲ್ಲ. ದುಃಖದಲ್ಲಿರುವವರ ಎದುರು ಧೂಳಿನ ಪಾಠ ಬೇಡ, ಅದು ಅವರ ಸಮಾಧಾನ, ಇರಲಿ.

ಆದರೆ ಫೋಟೋ ಅಷ್ಟಕ್ಕೇ ನಿಲ್ಲಲಿಲ್ಲ, ವಾಟ್ಸಾಪಿನಲ್ಲಿ ಊರಿಗೆ ಹೋಯಿತು. ಅಲ್ಲಿ ಯಾರೋ, ಆತ್ಮಕ್ಕೆ ಶಾಂತಿ ಸಿಕ್ಕಿಲ್ಲ, ಏನೋ ಕೊರತೆ ಉಳಿದಿದೆ ಅಂದರು. ಮತ್ತಾರೋ ಒಬ್ಬರು ಪರಿಹಾರವನ್ನೂ ಹೇಳಿದರು, ಇಪ್ಪತ್ತೈದು ಸಾವಿರದ ಲೆಕ್ಕ. ದುಡ್ಡಿನ ಮಾತು ಬಿಡಿ. ಎರಡು ವರ್ಷ ಹಾಸಿಗೆ ಹಿಡಿದ ತಾಯಿಯನ್ನು ಕೈಯಾರೆ ನೋಡಿಕೊಂಡಿದ್ದ ಆ ಹುಡುಗಿ, 'ನಾನೇನು ಕಮ್ಮಿ ಮಾಡಿದೆ' ಅಂತ ನಿದ್ದೆ ಬಿಟ್ಟಳು. ಸಮಾಧಾನ ಕೊಟ್ಟಿದ್ದ ವೃತ್ತವೇ ಹದಿನೈದು ದಿನದಲ್ಲಿ ಆರೋಪವಾಗಿ ಕೂತಿತ್ತು.

ಆಮೇಲೆ ಅವಳೇ ಬಂದು ಕೇಳಿದಳು. ಆ ದಿನದ ಎಲ್ಲ ಫೋಟೋಗಳನ್ನು ಸಾಲಾಗಿ ತೆಗೆದು ನೋಡಿದೆವು. ಮುಂದಿನ ಫೋಟೋದಲ್ಲಿ ವೃತ್ತ ಕುರ್ಚಿಯ ಮೇಲಿಲ್ಲ, ಫ್ರಿಜ್ಜಿನ ಮೇಲಿದೆ. ಅದರ ಮುಂದಿನದರಲ್ಲಿ ಎರಡು ಇವೆ. ಅದೇ ಕೋಣೆಯಲ್ಲಿ ಧೂಪ ಹಾಕಿ ಅದೇ ಕ್ಯಾಮೆರಾದಲ್ಲಿ ತೆಗೆದಾಗ ಏಳೆಂಟು ಬಂದವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅಮ್ಮನಿಗೆ ಬೇಸರ ಏನೂ ಇಲ್ಲ ಅಲ್ವಾ ಅಂಕಲ್?" ಅಂದಳು.

"ಅದನ್ನು ಫೋಟೋ ಹೇಳುವುದಿಲ್ಲಮ್ಮ. ನೀನು ನೋಡಿಕೊಂಡದ್ದನ್ನು ನಾವೆಲ್ಲ ಕಣ್ಣಾರೆ ನೋಡಿದ್ದೇವೆ, ಅದು ಸಾಕು" ಅಂದೆ.

"ಬೇರೆಯವರ ನಂಬಿಕೆಗೆ ನೀವ್ಯಾಕೆ ಕೈ ಹಾಕುತ್ತೀರಿ?" ಅಂತ ಕೆಲವರು ಕೇಳುತ್ತಾರೆ. ನಾನೂ ಸಂಜೆ ದೀಪ ಹಚ್ಚಿ ಕೈ ಮುಗಿಯುವವನೇ. ಆದರೆ ನಂಬಿಕೆ ಬೇರೆ, ಸಾಕ್ಷಿ ಬೇರೆ. ಫೋಟೋವನ್ನು ಸಾಕ್ಷಿ ಅಂತ ಮುಂದಿಟ್ಟ ಮೇಲೆ ಅದನ್ನು ಪರೀಕ್ಷೆ ಮಾಡುವ ಹಕ್ಕು ಎಲ್ಲರಿಗೂ ಬರುತ್ತದೆ. ಅದರ ಮೇಲೆ ಯಾರಾದರೂ ದುಡ್ಡು ಕೇಳಿದಾಗ, ಯಾರನ್ನಾದರೂ ಹೆದರಿಸಿದಾಗ, ಗೊತ್ತಿದ್ದವರು ಬಾಯಿ ಮುಚ್ಚಿ ಕೂರುವುದು ಸರಿಯಲ್ಲ. ಕೇಳದವರಿಗೆ ಉಪದೇಶ ಮಾಡಬೇಕಾಗಿಲ್ಲ, ಆದರೆ ಕೇಳಿದವರಿಗೆ ಸುಳ್ಳು ಹೇಳಬಾರದು.

ನಮಗೆ ಇದು ಹೊಸದೂ ಅಲ್ಲ. 1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿದ ಸುದ್ದಿಗೆ ದೇಶವೆಲ್ಲ ಸಾಲು ನಿಂತಿತ್ತು. ಚಮಚದ ಹಾಲು ಮೂರ್ತಿಗೆ ತಾಗಿ ತೆಳ್ಳಗೆ ಕೆಳಗಿಳಿಯುವುದನ್ನು ವಿಜ್ಞಾನಿಗಳು ಬಣ್ಣ ಬೆರೆಸಿದ ಹಾಲಿನಿಂದಲೇ ತೋರಿಸಿದರು. 2006ರ ಆಗಸ್ಟಿನಲ್ಲಿ ನಮ್ಮ ಮಾಹಿಮಿನ ಸಮುದ್ರದ ನೀರು ಸಿಹಿಯಾಯಿತೆಂದು ಜನ ಬಾಟಲಿಗಟ್ಟಲೆ ತುಂಬಿಕೊಂಡು ಹೋದರು, ಮಕ್ಕಳಿಗೂ ಕುಡಿಸಿದರು. ಮಳೆಗಾಲದ ಸಿಹಿನೀರು ಬಂದು ಸೇರಿದ್ದರಿಂದ ಹಾಗಾಗಿದೆ, ಈ ಕೊಳಕು ನೀರು ಕುಡಿಯಬೇಡಿ ಅಂತ ತಿಳಿದವರು ಎಷ್ಟು ಹೇಳಿದರೂ ಕೇಳುವವರು ಕಡಿಮೆ. ನಮ್ಮ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿಯನ್ನೇ ಮಾಡಿದ್ದರು. ಅವರು ಭೌತಶಾಸ್ತ್ರದ ಮೇಷ್ಟ್ರು. ಆ ಸಮಿತಿಯ ಕೆಲಸಕ್ಕೆ ಧೈರ್ಯ ಬೇಕಿತ್ತು. ನಮ್ಮ ಫೋಟೋದ ಚುಕ್ಕೆಗೆ ಅಷ್ಟು ಧೈರ್ಯವೂ ಬೇಡ, ಒಂದು ಹಳೆಯ ಹೊದಿಕೆ ಇದ್ದರೆ ಸಾಕು.

ಮುಂದಿನ ಚೌತಿಗೆ, ಮದುವೆಗೆ ಕ್ಯಾಮೆರಾ ಹೊರ ತೆಗೆಯುವವರು ಹಿಂದಿನ ರಾತ್ರಿಯೇ ಈ ಪರೀಕ್ಷೆ ಮಾಡಿ ನೋಡಿ. ಮುಹೂರ್ತ ಕಳೆದ ಮೇಲೆ ಯಾರೂ ಇನ್ನೊಮ್ಮೆ ತಾಳಿ ಕಟ್ಟುವುದಿಲ್ಲ. ಊರಿನಿಂದ ಯಾರಾದರೂ ಚುಕ್ಕೆ ಬಂದ ಫೋಟೋ ಕಳಿಸಿ ಗಾಬರಿಯಿಂದ ಫೋನ್ ಮಾಡಿದರೆ ನಗಬೇಡಿ. ಆ ಫೋಟೋದ ಹಿಂದಿನದು, ಮುಂದಿನದು ಎರಡನ್ನೂ ಕಳಿಸಲು ಹೇಳಿ, ಮೂರನ್ನೂ ಜತೆಗಿಟ್ಟು ಅವರೊಂದಿಗೇ ನೋಡಿ. ನಿಮ್ಮ ಆಲ್ಬಮ್ಮಿನಲ್ಲೂ ಇಂಥದ್ದಿದ್ದರೆ, ಯಾವ ಸಮಾರಂಭದ್ದು, ಏನು ಹಾರುತ್ತಿತ್ತು ಅಂತ ನನಗೂ ಬರೆದು ತಿಳಿಸಿ. ಮಂತ್ರಾಕ್ಷತೆಯದೇ ಹೆಚ್ಚಿರಬಹುದು ಅಂತ ನನ್ನ ಅಂದಾಜು.